ಶಿಲಾಮೌನಂ ವಿಲ್ಲಾಕ್ಕೆ ಆವು ಬಂದ ಬೆಳಗು

ದೇವರು ದಾರಿ ಕೊಟ್ಟರೂ ಮ್ಯಾನೇಜರು ಗೇಟು ಕೊಡ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಹಿರಿಯರು ಹೇಳಿದ್ದು ವರದ ವಿಷಯ, ಪೂಜಾರಿಯ ವಿಷಯ ಅಂತ ಯಾರಾದರೂ ತಿದ್ದಲು ಬಂದರೆ ಬರಲಿ. ನಮ್ಮ ಪೂಜಾರಿ ಪಾಪದವರು, ಕೇಳಿದವರಿಗೆಲ್ಲ ವಿಭೂತಿ ಕೊಟ್ಟು ಕೈ ಒರೆಸಿಕೊಳ್ಳುತ್ತಾರೆ. ನಮಗೂ ದೇವರಿಗೂ ನಡುವೆ ನಿಂತದ್ದು ಗೇಟು. ಈಗ ಹೇಳಹೊರಟಿರುವುದು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಸ್ವಲ್ಪ ಮಟ್ಟಿಗೆ ಬಾಯಾರೆ ಮಾಡಿದ್ದು. ಇದರಲ್ಲಿ ಸುಳ್ಳಿದ್ದರೆ ನಾನು ಪಾಠ ಹೇಳುವ ಕಾಲೇಜಿನವರು ನನಗೆ ಪಿಂಚಣಿ ಕೊಡದೆ ಹೋಗಲಿ. ಖಾಸಗಿ ಕಾಲೇಜು, ಹೇಗೂ ಕೊಡುವುದಿಲ್ಲ.

ತಮಿಳು ಸೀಮೆಯ ಓಡೈಪಟ್ಟಿಯಿಂದ ಬೆಟ್ಟದ ಕಡೆ ತಿರುಗಿದರೆ, ದ್ರಾಕ್ಷಿ ಚಪ್ಪರಗಳು ಮುಗಿಯುವಲ್ಲಿ ನಮ್ಮ ಕಲ್ಲುಗುಡಿ. ಎಷ್ಟು ಹಳೆಯದೆಂದರೆ, ಗೋಡೆಯ ಬರಹ ಓದಲು ಬಂದ ಇಬ್ಬರು ಪ್ರೊಫೆಸರುಗಳು ಇನ್ನೂರು ವರ್ಷದ ವ್ಯತ್ಯಾಸಕ್ಕೆ ಜಗಳವಾಡಿ ಬೇರೆ ಬೇರೆ ಬಸ್ಸು ಹತ್ತಿದರು. ಗುಡಿಯ ಮುಂದೆ ಒಂದು ಬುಗ್ಗೆ, ಅದರ ನೀರು ಬೀಳುವಲ್ಲಿ ಉದ್ದನೆಯ ಕಲ್ಲುತೊಟ್ಟಿ. ಆ ತೊಟ್ಟಿ ಮನುಷ್ಯರದ್ದಲ್ಲ. ನಮ್ಮ ದೇವರ ದನಗಳದ್ದು.

ನಾವು ಕನ್ನಡದವರು. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ಬೆಟ್ಟದ ಬುಡಕ್ಕೆ ಬಂದವರು. ದನ ನಿಂತಲ್ಲಿ ನಾವೂ ನಿಂತೆವು. ಬೀದಿಯಲ್ಲಿ ತಮಿಳು, ಅಡಿಗೆಮನೆಯಲ್ಲಿ ಕನ್ನಡ. ಅಕ್ಷರ ಮಾತ್ರ ನಾನು ಮೈಸೂರಿನ ಹಾಸ್ಟೆಲಿನಲ್ಲಿ ಕಲಿತದ್ದು. ಆ ದನಗಳ ಸಂತತಿ ಇವತ್ತಿಗೂ ನಲವತ್ತು ತಲೆ ಇದೆ. ಅವುಗಳ ಹಾಲು ಕರೆಯುವುದಿಲ್ಲ, ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳಲ್ಲಿ ಒಂದಕ್ಕೆ ಪಟ್ಟ. ಪಟ್ಟದ್ದು ಸತ್ತಾಗ ಮಂದೆಯ ಮುಂದೆ ಕಬ್ಬಿನ ಜಲ್ಲೆ ಇಡುತ್ತಾರೆ, ಮೊದಲು ಬಂದು ಬಾಯಿ ಹಾಕಿದ್ದೇ ಮುಂದಿನ ಪಟ್ಟದ ಆವು.

ಆವು ಅಂದರೆ ಹಸು. ಕರ್ನಾಟಕದಲ್ಲಿ ಈ ಮಾತು ಹಳೇ ಪುಸ್ತಕಗಳೊಳಗೆ ಮಲಗಿದೆಯಂತೆ, ನಮ್ಮಲ್ಲಿ ಇನ್ನೂ ಮೇಯುತ್ತಿದೆ. ಇನ್ನು, ‘ಹ’ ಎಂಬ ಅಕ್ಷರಕ್ಕೆ ನಮ್ಮ ಬಾಯೊಳಗೆ ಪ್ರವೇಶವಿಲ್ಲ. ಹಾಲು ಆಲು, ಹೂವು ಊವು, ಹೋಗು ಓಗು. ಆ ಪ್ರಕಾರ ಹಾವು ಕೂಡ ಆವಾಗಬೇಕಿತ್ತು. ಆದರೆ ಆ ಹೆಸರಿನ ಮೇಲೆ ದೇವರ ಹಸು ಮೊದಲೇ ಮಲಗಿ ಮೆಲುಕು ಹಾಕುತ್ತಿರುವುದರಿಂದ, ನಮ್ಮ ಕಣಿವೆಯಲ್ಲಿ ಹಾವನ್ನು ‘ಉದ್ದದ್ದು’ ಅನ್ನುತ್ತೇವೆ. ದಿಂಡಿಗಲ್ ಕಡೆಯ ನಮ್ಮ ಜನಕ್ಕೆ ದೇವರ ದನ ಇಲ್ಲ, ಅಲ್ಲಿ ಹಾವೇ ಆವು. ನನ್ನ ಓರಗಿತ್ತಿ ಸರಸು ದಿಂಡಿಗಲ್ಲಿನವಳು. ಮದುವೆಯಾದ ಹೊಸದರಲ್ಲಿ ಅವಳಿಗೆ ಯಾರೋ “ಆವು ಬಂತು, ಅರಿಶಿನ ಅಚ್ಚು” ಅಂದರು. ಹುಡುಗಿ ಅರಿಶಿನದ ಬಟ್ಟಲು ಎಸೆದು ಅಟ್ಟ ಹತ್ತಿದಳು. ಇಳಿಸಲು ನಾಲ್ಕು ಜನ ಬೇಕಾಯಿತು.

ಪೊಂಗಲಿನ ಮರುದಿನ ದನಗಳ ಹಬ್ಬ, ಮಾಟ್ಟುಪ್ಪೊಂಗಲ್. ಆ ದಿನ ಬೆಳಿಗ್ಗೆ ಪಟ್ಟದ ಆವು ಮಂದೆಯ ಮುಂದೆ ನಡೆದು ಹೋಗಿ ಆ ತೊಟ್ಟಿಯಲ್ಲಿ ಮೊದಲ ನೀರು ಕುಡಿಯಬೇಕು. ಕುಡಿಯದಿದ್ದರೆ ಪಟ್ಟ ಬಿತ್ತು. ಪಟ್ಟ ಬಿದ್ದರೆ ಮಂದೆ ದೇವರದ್ದಲ್ಲ, ಬರೀ ನಲವತ್ತು ದನ. ಇದನ್ನು ನೋಡಿಕೊಳ್ಳುವ ಹೊಣೆ ನನ್ನ ಸೋದರತ್ತೆ ಚಿನ್ನಮ್ಮಾಳದು. ಎಪ್ಪತ್ತೆರಡು ವರ್ಷ, ಗಂಡನಿಲ್ಲ, ಮಕ್ಕಳಿಲ್ಲ. ಬೆಳಿಗ್ಗೆ ಎದ್ದರೆ ನಲವತ್ತರ ಹೆಸರನ್ನೂ ಕೂಗಿ ಆಮೇಲೆ ಬಾಯಿ ಮುಕ್ಕಳಿಸುವವಳು.

ಎರಡು ವರ್ಷದ ಹಿಂದೆ, ಊರಿಂದ ತೊಟ್ಟಿಗೆ ಮಂದೆ ಹೋಗುವ ದಾರಿಗೆ ಅಡ್ಡವಾಗಿ ಒಂದು ಗೋಡೆ ಎದ್ದಿತು. ಗೋಡೆಯೊಳಗೆ ಹನ್ನೆರಡು ವಿಲ್ಲಾ. ಹೆಸರು ‘ಶಿಲಾಮೌನಂ ಲಗ್ಜುರಿ ವಿಲ್ಲಾಸ್’. ಲಗ್ಜುರಿ ಅಂದರೇನು ಅಂತ ಅತ್ತೆ ಕೇಳಿದಾಗ “ಲಕ್ಷ ಸುರಿ ಅಂತ ಅತ್ತೆ” ಅಂದಿದ್ದೆ. ಊರಿನ ಕಡೆ ಒಂದು ಕಬ್ಬಿಣದ ಗೇಟು, ಗುಡಿಯ ಕಡೆ ಇನ್ನೊಂದು. ನಡುವೆ ಇದ್ದ ನಮ್ಮ ದಾರಿಗೆ ಹುಲ್ಲು ಹಾಸಿ ‘ಧ್ಯಾನಪಥ’ ಅಂತ ಬೋರ್ಡು ನೆಟ್ಟರು. ಯಾವುದೋ ಕಚೇರಿಗೆ ಹೋಗಿ ಅತ್ತೆ ದೂರು ಕೊಟ್ಟಳು. “ದಾರಿಗೆ ಪಟ್ಟಾ ಇದೆಯಾ?” ಅಂತ ಕೇಳಿದರು. ಜಮೀನಿನ ಕಾಗದಕ್ಕೆ ಇಲ್ಲಿ ಪಟ್ಟಾ ಅನ್ನುತ್ತಾರೆ. “ಇಲ್ದೆ ಏನು, ನಾಳೆ ಕರ್ಕೊಂಡು ಬತ್ತೀನಿ” ಅಂದ ಅತ್ತೆ, ಮರುದಿನ ಪಟ್ಟದ ಆವನ್ನೇ ಕಚೇರಿಯ ಮೆಟ್ಟಿಲಿಗೆ ತಂದು ನಿಲ್ಲಿಸಿದಳು. ಜನ ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ಮೈ ಉರಿಯುತ್ತದೆ. ಸಾವಿರ ವರ್ಷ ಗೊರಸು ಬರೆದ ದಾರಿಗೆ ಕಾಗದವಿಲ್ಲ, ನಿನ್ನೆ ಹುಲ್ಲು ಹಾಸಿದವನಿಗೆ ಇದೆ!

ಹೋದ ವರ್ಷ ಮಂದೆಯನ್ನು ಹೆದ್ದಾರಿಯಲ್ಲಿ ಸುತ್ತು ಹಾಕಿಸಿ ಕರೆದೊಯ್ದೆವು. ತಿರುವಿನಲ್ಲಿ ಒಂದು ಲಾರಿ. ಎರಡು ತಿಂಗಳ ಕರು. ಅದರ ಕೊರಳಲ್ಲಿ ಸೇವಂತಿಗೆ ಮಾಲೆ ಹಾಗೇ ಇತ್ತು. ಅತ್ತೆ ಅಳಲಿಲ್ಲ, ರಸ್ತೆಯ ಮಧ್ಯೆ ಕೂತು ಅದರ ಕಿವಿಯೊಳಗಿನ ಮಣ್ಣು ಒರೆಸುತ್ತಲೇ ಇದ್ದಳು. ಎರಡೂ ಕಡೆಯ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು.

ಈ ವರ್ಷ ಊರಿನ ಹಿರಿಯರು ಕೂತು ತೀರ್ಮಾನಿಸಿದರು: ಹೆದ್ದಾರಿ ಬೇಡ. ಹಳೇ ದಾರಿ ಸಿಕ್ಕರೆ ಸರಿ, ಸಿಗದಿದ್ದರೆ ಪೊಂಗಲ್ ಕಳೆದ ಮೇಲೆ ನಲವತ್ತನ್ನೂ ಲಾರಿ ಹತ್ತಿಸಿ ದೂರದ ಗೋಶಾಲೆಗೆ ಬಿಡುವುದು. ಅತ್ತೆ ಎದ್ದು ಮಂದೆಯ ಹತ್ತಿರ ಹೋಗಿ, ಸಂಜೆ ಹೊತ್ತಲ್ಲಿ ನಲವತ್ತರ ಹೆಸರನ್ನೂ ಇನ್ನೊಮ್ಮೆ ಕೂಗಿದಳು.

ಅಷ್ಟರಲ್ಲಿ ನನ್ನ ಗಂಡ ರಾಜೇಂದ್ರನ್‌ಗೆ, ಬೋಡಿಯಲ್ಲಿ ಏಲಕ್ಕಿ ವ್ಯಾಪಾರ ಅವರದ್ದು, ದೊಡ್ಡ ಖರೀದಿದಾರರೊಬ್ಬರು ಹಬ್ಬದ ಉಡುಗೊರೆಯಾಗಿ ಒಂದು ಲಕೋಟೆ ಕೊಟ್ಟರು. ಒಳಗೆ ಶಿಲಾಮೌನಂನಲ್ಲಿ ಇಬ್ಬರಿಗೆ ಒಂದು ರಾತ್ರಿಯ ವಾಸ. ಗಂಡನಿಗೆ ಅಂದು ಬೋಡಿಮೆಟ್ಟಿನ ಎಸ್ಟೇಟಿನಲ್ಲಿ ಕೆಲಸವಿತ್ತು. “ನೀನೂ ಅತ್ತೆಯೂ ಹೋಗಿ ಬನ್ನಿ” ಅಂದರು. ಅತಿಥಿಯಾಗಿ ಒಳಗೆ ಹೋಗಿ ಕೂತು ಕೇಳಿದರೆ ಇಲ್ಲ ಅನ್ನುತ್ತಾರೆಯೇ? ನನ್ನ ಲೆಕ್ಕಾಚಾರ ಅಷ್ಟೇ. ಅತ್ತೆಯ ಲೆಕ್ಕಾಚಾರ ಬೇರೆ. “ಕೇಳ್ತೀನಿ. ಬಿಡ್ಲಿಲ್ಲ ಅಂದ್ರ ಗೇಟ್ಗೆ ಬೆನ್ ಕೊಟ್ಟು ಕೂತ್ಕತೀನಿ. ನನ್ನ ಎತ್ತಾಕ್ಲಿ ನೋಡಾನ.”

ಪೊಂಗಲ್ ದಿನ ಮಧ್ಯಾಹ್ನ ಹೋದೆವು. ಬಾಗಿಲಲ್ಲೇ ಒಂದು ತಟ್ಟೆಯಲ್ಲಿ ತಣ್ಣನೆಯ ಒದ್ದೆ ಬಟ್ಟೆ ಸುರುಳಿ ಸುತ್ತಿ ಚಾಚಿದರು.

“ಏ ಪುಳ್ಳೆ,” ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, “ಒದ್ದೆ ಬಟ್ಟೆ ಯಾಕ್ ಕೊಡ್ತಾವ್ರೆ? ಯಾರ್ಗ್ ಜ್ವರ?”

“ಮುಖ ಒರೆಸ್ಕೊಳ್ಳಕ್ಕೆ ಅತ್ತೆ.”

“ನನ್ ಸೆರಗು ಎಲ್ಲೋಗದೆ?”

ಮ್ಯಾನೇಜರ್ ಮುಂದೆ ಬಂದು ಕೈ ಮುಗಿದ. ಹೆಸರು ಮನೋಜ್‌ಕುಮಾರ್. ಮೂವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದ ನಗು. ಇಂಗ್ಲಿಷ್ ಬೆರೆಸಿದ ತಮಿಳಿನಲ್ಲಿ ವಿವರಿಸಿದ: ಇಲ್ಲಿ ಗಲಾಟೆಯಿಲ್ಲ, ಟಿವಿಯಿಲ್ಲ, ಫೋನು ಕೂಡ ಕೌಂಟರಿನಲ್ಲೇ ಇಟ್ಟು ಹೋಗಬೇಕು, ಡಿಜಿಟಲ್ ಡಿಟಾಕ್ಸ್. ಆ ಕಡೆ ಸ್ಪಾ, ಈ ಕಡೆ ಕೊಳ. ನಾಳೆ ಬೆಳಿಗ್ಗೆ ಏಳೂವರೆಗೆ ವಿಶೇಷ ಕಾರ್ಯಕ್ರಮ: ಗೋ ಆಲಿಂಗನ.

“ಅಂದ್ರೆ?” ಅಂದೆ.

“ಹಸುವನ್ನು ತಬ್ಬಿಕೊಳ್ಳೋದು ಮ್ಯಾಡಮ್. ಮೂವತ್ತು ನಿಮಿಷ. ಮನಸ್ಸಿನ ಭಾರ ಇಳಿಯುತ್ತೆ.”

ಅತ್ತೆಗೆ ಅನುವಾದ ಬೇಕಿರಲಿಲ್ಲ, ತಮಿಳು ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಹುಲ್ಲಿನ ಮೇಲೆ ಕಟ್ಟಿದ್ದ ಎರಡು ಹಸುಗಳ ಹತ್ತಿರ ಹೋಗಿ ಮೂಗು ಒಡ್ಡಿ ವಾಸನೆ ನೋಡಿದಳು. ಶಾಂಪೂ. ಕೊಂಬಿಗೆ ಬಣ್ಣದ ಉಲ್ಲನ್ ಟೋಪಿ. ವಾಪಸು ಬಂದು, ಮ್ಯಾನೇಜರ್ ಮುಖಕ್ಕೆ ಮುಖ ಕೊಟ್ಟು, ಅವನಿಗೆ ತಿಳಿಯದ ಭಾಷೆ ಎಂಬ ಧೈರ್ಯದಲ್ಲಿ, ಹರಸುವ ದನಿಯಲ್ಲಿ ಕನ್ನಡದಲ್ಲಿ ಶುರು ಮಾಡಿದಳು.

“ಅಲ್ಲಯ್ಯಾ ಸುಣ್ಣ ಬಳ್ದಿರೋ ಮಡಕೆ, ದುಡ್ ಕೊಟ್ಟು ಬಂದೋರು ದನ ತಬ್ಕೋಬೌದು, ದನಾನೇ ದೇವ್ರು ಅನ್ನೋರು ಬಾಗ್ಲಾಚೆ ನಿಂತ್ಕೋಬೇಕಾ? ನಿನ್ನ ಎತ್ತೋಳು ನಿಂಗೆ ಆಲು ಕೊಟ್ಲಾ, ಇಲ್ಲಾ ಫಿನಾಯ್ಲು ಕುಡಿಸಿದ್ಲಾ?”

ಈ ದೇಶದಲ್ಲಿ ನಮ್ಮ ಜನಕ್ಕಿರುವ ಒಂದೇ ಲಗ್ಜುರಿ ಇದು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಯಾರನ್ನು ಬೇಕಾದರೂ ಅವರ ಮುಂದೆಯೇ ಬೈದುಕೊಳ್ಳಬಹುದು. ಮನೋಜ್‌ಕುಮಾರ್ ನಗುತ್ತಲೇ ಇದ್ದ. ಕಿವಿ ಮಾತ್ರ ಸ್ವಲ್ಪ ಕೆಂಪಾಗಿತ್ತು. ಬಿಸಿಲು ಅಂದುಕೊಂಡೆ.

ನಮ್ಮ ವಿಲ್ಲಾದ ಬಚ್ಚಲು ನಮ್ಮ ಮನೆಯ ನಡುಮನೆಯಷ್ಟಿತ್ತು. ಸ್ನಾನದ ತೊಟ್ಟಿಯ ಮೇಲೆ ಗೋಡೆ ತುಂಬ ಒಂದು ದೊಡ್ಡ ಫೋಟೋ. ಅತ್ತೆ ಒಳಗೆ ಹೋದವಳು ಸೆರಗು ಎಳೆದುಕೊಂಡು ಓಡಿ ಬಂದಳು.

“ತಂಗರಾಜ! ಒಳಗೆ ತಂಗರಾಜ ಅವ್ನೆ!”

ತಂಗರಾಜ್ ಅವಳ ತಮ್ಮ, ನನ್ನ ಚಿಕ್ಕಪ್ಪ, ಮಂದೆ ಕಾಯುವವನು. ಹೋಗಿ ನೋಡಿದೆ. ಅವನೇ. ಹೆಗಲ ಮೇಲೆ ಕೋಲು, ಪಕ್ಕದಲ್ಲಿ ಪಟ್ಟದ ಆವು, ಹಿಂದೆ ಮಂದೆ, ಅದರ ಹಿಂದೆ ಕಲ್ಲುಗುಡಿ. ಕೆಳಗೆ ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರದಲ್ಲಿ: ‘ಅನಾಮಿಕ ಗೋಪಾಲಕ’.

“ಅಂಗಂದ್ರೆ?”

“ಹೆಸರಿಲ್ಲದ ದನಗಾಹಿ ಅಂತ.”

ಅತ್ತೆ ಆ ಚಿನ್ನದ ಅಕ್ಷರಗಳನ್ನು ಉಗುರಿನಿಂದ ಕೆರೆದು ನೋಡಿದಳು. “ಎಸ್ರಿಲ್ವಾ? ರೇಷನ್ ಕಾರ್ಡಲ್ಲಿ ಅದೆ, ಓಟಿನ ಪಟ್ಟೀಲಿ ಅದೆ. ಇವ್ರ್ ಬಚ್ಚಲಲ್ಲಿ ಮಾತ್ರ ಇಲ್ಲ. ದನ ಒಳಕ್ ಬರ್ಬಾರ್ದು, ದನದ್ ಪಟ ಬರ್ಬೌದು!” ಆಮೇಲೆ ಟವಲ್ ತೆಗೆದು ತಮ್ಮನ ಕಣ್ಣಿನ ಮೇಲೆ ಇಳಿಬಿಟ್ಟು ಸ್ನಾನ ಮಾಡಿದಳು.

ಸಂಜೆ ನಾಲ್ಕಕ್ಕೆ ಮನೋಜ್‌ಕುಮಾರ್ ಮುಂದೆ ಕೂತು ತಮಿಳಿನಲ್ಲಿ ಕೇಳಿದೆವು. ನಾಳೆ ಬೆಳಿಗ್ಗೆ ಅರ್ಧ ಗಂಟೆ, ಎರಡು ಗೇಟು, ಅಷ್ಟೇ. ಸಗಣಿ ಬಿದ್ದರೆ ನಾವೇ ಬಾಚುತ್ತೇವೆ. ಹೆದ್ದಾರಿಯಲ್ಲಿ ಸತ್ತ ಕರುವಿನ ವಿಷಯ ಹೇಳಿದೆ. ಗೋಶಾಲೆಯ ವಿಷಯ ಹೇಳಿದೆ. ಆತ ಕೇಳಿಸಿಕೊಂಡ. ನಿಜವಾಗಿಯೂ ಕೇಳಿಸಿಕೊಂಡ, ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ. ಕೊನೆಗೆ ಮಾತ್ರ ಅದೇ ಇಸ್ತ್ರಿ.

“ನನ್ನ ಕೈಯಲ್ಲಿ ಇಲ್ಲ ಮ್ಯಾಡಮ್. ಅತಿಥಿಗಳ ಸುರಕ್ಷತೆಗೆ ಅಪಾಯ ಇದ್ರೆ ಮಾತ್ರ ಆ ಗೇಟು ತೆರೀಬಹುದು. ರೂಲ್ಸ್.”

“ಒಳಗೆ ಎರಡು ಹಸು ಕಟ್ಟಿದೀರಲ್ಲ ಸಾರ್?”

“ಅವು ಕ್ಯುರೇಟೆಡ್ ಮ್ಯಾಡಮ್.”

ಕ್ಯುರೇಟೆಡ್ ಅಂದರೆ ಆರಿಸಿ ತಂದು ಒಪ್ಪವಾಗಿ ಇಟ್ಟದ್ದು, ಮ್ಯೂಸಿಯಮ್ಮಿನ ಬೊಂಬೆಯ ಹಾಗೆ. ವಿಲ್ಲಾಕ್ಕೆ ಬಂದು ಅತ್ತೆಯನ್ನು ನಗಿಸಲು ಅವನ ಹಾಗೇ ಬೆನ್ನು ನೆಟ್ಟಗೆ ಮಾಡಿ, ಕೈ ಮುಗಿದು, “ನಾನು ಕ್ಯುರೇಟೆಡ್ ಕತ್ತೆ ಮ್ಯಾಡಮ್” ಅಂತ ಅವನದೇ ದನಿಯಲ್ಲಿ ಅಂದೆ. ದನಿ ಕದಿಯುವುದು ನನಗೆ ಹುಟ್ಟು ಚಾಳಿ, ಪ್ರಿನ್ಸಿಪಾಲರ ದನಿಯಲ್ಲಿ ಒಮ್ಮೆ ಇಡೀ ಕಾಲೇಜಿಗೆ ರಜೆ ಕೊಟ್ಟಿದ್ದೇನೆ. ಅತ್ತೆ ನಗಲಿಲ್ಲ. ಜಗುಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಗೇಟಿನ ಕಡೆ ನೋಡುತ್ತಿದ್ದಳು.

ಆಗ ಮನೋಜ್‌ಕುಮಾರ್ ಯಾರಿಗೋ ಹಣ್ಣಿನ ಬುಟ್ಟಿ ಹಿಡಿದುಕೊಂಡು ನಮ್ಮ ಮುಂದೆ ಹಾದುಹೋದ. ಅತ್ತೆ ಅವನನ್ನು ನೋಡುತ್ತಾ, ಆದರೆ ನನಗೆ ಹೇಳುವಂತೆ, ಕನ್ನಡದಲ್ಲಿ ಅಂದಳು:

“ನಾಳೆ ಬೆಳ್ಗೆ ಆವು ಬಂದು ಇಲ್ಲೇ ನಿಂತ್ಕತದೆ. ಬಾಯಾರ್ಕೊಂಡಿರೋ ಆವು. ಆಗ ಇವ್ನ್ ಏನ್ ಮಾಡಾನು?”

ಮನೋಜ್‌ಕುಮಾರ್ ಒಂದು ಕಾಲು ಎತ್ತಿದ.

ಎತ್ತಿದ ಕಾಲು ಎತ್ತಿಕೊಂಡೇ ದಾಸವಾಳದ ಪೊದೆಯ ಬುಡ ನೋಡಿದ. ಆಮೇಲೆ ಏನೂ ಆಗಿಲ್ಲವೆಂಬಂತೆ ಕಾಲಿಟ್ಟು, ಹುಲ್ಲು ಬಿಟ್ಟು ಕಲ್ಲು ಹಾಸಿನ ಮೇಲೆಯೇ ನಡೆದುಕೊಂಡು ಹೋದ. ಬುಟ್ಟಿಯಿಂದ ಒಂದು ಸಪೋಟ ಉರುಳಿತು, ಬಗ್ಗಿ ಎತ್ತಿಕೊಳ್ಳಲಿಲ್ಲ.

ನನ್ನ ತಲೆಯಲ್ಲಿ ಸರಸು ಅಟ್ಟ ಹತ್ತಿದಳು.

ಓಡಿ ಹೋಗಿ ಸಪೋಟ ಎತ್ತಿ ಕೊಟ್ಟು, ಬಹಳ ಸಹಜವಾಗಿ ಕೇಳಿದೆ: “ಸಾರ್, ನಿಮ್ಮ ಸ್ವಂತ ಊರು?”

“ದಿಂಡಿಗಲ್ ಮ್ಯಾಡಮ್.”

ಕಿವಿ ಕೆಂಪಾದದ್ದು ಬಿಸಿಲಿಗಲ್ಲ. ಇವನು ನಮ್ಮವನು! ಮಡಕೆ, ಫಿನಾಯಿಲು, ಎಲ್ಲವನ್ನೂ ಕೇಳಿಸಿಕೊಂಡು ಕೈ ಮುಗಿದವನು. ಮೊದಲು ನಾಚಿಕೆಯಾಯಿತು. ಮರುಕ್ಷಣ ನಾಚಿಕೆಗಿಂತ ದೊಡ್ಡದಾಗಿ ಸಿಟ್ಟು ಬಂತು. ಅನ್ಯರಿಗೆ ಗೊತ್ತಾಗದು ಅಂತ ಕ್ಷಮಿಸಬಹುದು. ‘ದನಾನೇ ದೇವ್ರು’ ಎಂದದ್ದನ್ನು ತಾಯಿಮಾತಿನಲ್ಲೇ ಕೇಳಿಸಿಕೊಂಡವನು ಸಂಜೆ ‘ರೂಲ್ಸ್’ ಅಂದನಲ್ಲ!

ಸರಿ, ರೂಲ್ಸೇ ಇರಲಿ. ಅತಿಥಿಗಳಿಗೆ ಅಪಾಯವಿದ್ದರೆ ಗೇಟು ತೆರೆಯಬಹುದು ಎಂದದ್ದು ಅವನೇ.

ರಾತ್ರಿ ಊಟದ ಹೊತ್ತಿಗೆ ಅತ್ತೆಗೆ ಅರ್ಧ ಮಾತ್ರ ಹೇಳಿದೆ, ಒಂದು ಉಪಾಯ ಇದೆ ಅಂತ. ಅವಳು ಬೆರಳೆತ್ತಿದಳು. “ದೇವ್ರ ಕೆಲ್ಸಕ್ಕೆ ಸುಳ್ ಏಳ್ಬ್ಯಾಡ. ಅಬ್ಬದ ದಿವ್ಸ. ಒಂದು ಸುಳ್ ಮಾತು ಬಂದ್ರೂ ನಾನು ಆವ ತಿರುಗಿಸ್ಕೊಂಡು ಓಗ್ತೀನಿ.”

“ಒಂದೂ ಬರಲ್ಲ ಅತ್ತೆ.” ಮಾತು ಕೊಟ್ಟೆ. ಅದೇ ನನಗೆ ಹಿಡಿಸಿತು. ಸುಳ್ಳು ಹೇಳಿ ಮೋಸ ಮಾಡಲು ಯಾರಿಗೂ ಬರುತ್ತದೆ.

ಬೆಳಿಗ್ಗೆ ಆರೂಕಾಲು. ತಂಗರಾಜ್ ಚಿಕ್ಕಪ್ಪ ಊರಿನಿಂದ ಮಂದೆ ಬಿಟ್ಟಿರುವ ಹೊತ್ತು. ಅತ್ತೆ ಆಗಲೇ ಊರಿನ ಕಡೆಯ ಗೇಟಿಗೆ ಒಳಗಿನಿಂದ ಬೆನ್ನು ಕೊಟ್ಟು ಕೂತಿದ್ದಳು, ಕೈಯಲ್ಲಿ ಅರಿಶಿನದ ಬಟ್ಟಲು. ಮನೋಜ್‌ಕುಮಾರ್ ತನ್ನ ಆಫೀಸಿನಲ್ಲಿ ಒಬ್ಬನೇ ಕಾಫಿ ಕುಡಿಯುತ್ತಿದ್ದ. ಆಫೀಸಿನ ಹಿಂದೆ ಬಿದಿರಿನ ತಟ್ಟಿ. ನಾನು ತಟ್ಟಿಯ ಆಚೆ ನಿಂತು ಒಂದು ಗುಟುಕು ನೀರು ಕುಡಿದು ಗಂಟಲು ಹದ ಮಾಡಿಕೊಂಡೆ. ಚಿಕ್ಕಪ್ಪನದು ಹೊಗೆಸೊಪ್ಪಿನ ಗಂಟಲು, ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಗೇಟಿನ ಬಳಿ ಹತ್ತಾರು ಸಲ ಅವನೊಡನೆ ವಾದ ಮಾಡಿದ ಮನೋಜ್‌ಕುಮಾರ್‌ಗೆ ಆ ದನಿ ಚೆನ್ನಾಗಿ ಗೊತ್ತು. ದನಿ ಎರವಲು, ಮಾತು ಮಾತ್ರ ಸ್ವಂತ, ನಿಜ.

“ಗೋಮ್ತೀ!” ಅಂತ ನನ್ನನ್ನೇ ಕರೆದೆ ಚಿಕ್ಕಪ್ಪನಾಗಿ. “ಆವು ಒಂಟೋಯ್ತು. ಇನ್ ನಿಲ್ಸಕ್ಕಾಗಾಕಿಲ್ಲ.”

ಒಳಗೆ ಲೋಟ ಸಾಸರಿಗೆ ತಾಗಿದ ಸದ್ದು.

“ಎಷ್ಟ್ ದೊಡ್ದು ಚಿಕ್ಕಪ್ಪಾ?” ಇದು ನಾನು, ನಾನಾಗಿ.

“ನನ್ ಜೀವ್‌ಮಾನದಲ್ಲಿ ಇಷ್ಟ್ ದೊಡ್ದ ಕಂಡಿಲ್ಲ. ಬೆಳ್ಳಗದೆ. ವಯಸ್ಸಾದದ್ದು. ಅದ್ರ ಇಂದೆ ಇನ್ನೂ ಮೂವತ್ತೊಂಬತ್ತು ಅವೆ.”

“ಮೂವತ್ತೊಂಬತ್ತಾ!”

“ಚಿಕ್ಕವೂ ಸೇರಿ.”

ಕುರ್ಚಿ ಹಿಂದೆ ಸರಿದ ಸದ್ದು.

“ಒಳಕ್ ಯಾಕ್ ಬರ್ತಾವೆ?”

“ತೊಟ್ಟಿ ನೀರ್ಗೆ. ವರ್ಸಕ್ಕೊಂದ್ ದಿನ ಬಂದು ಕುಡೀಬೇಕು. ನಮ್ಮಜ್ಜನ್ ಕಾಲ್ದಿಂದ ಇದೇ ದಾರಿ. ಗೋಡೆ ಕಟ್ಟವ್ರೆ ಅಂತ ಅದ್ಕೇನ್ ಗೊತ್ತು?”

“ಓಡಿಸಿದ್ರೆ?”

“ಸಿವ್‌ಸಿವಾ! ದೇವ್ರುದ್ದು. ಒಡಿಯಾದಿರ್ಲಿ, ಕೋಲೂ ತೋರ್ಸಂಗಿಲ್ಲ. ಎರಡೂ ಗೇಟ್ ತೆಗ್ದು ದೂರ ನಿಂತ್ಕಂಡ್ರೆ, ತನ್ ಪಾಡಿಗ್ ನೀರ್ ಕುಡ್ದು ಓಯ್ತದೆ. ಇಲ್ಲಂದ್ರೆ ನೀರ್ ಎಲ್ಲದೆ ಅಲ್ಲಿಗ್ ನುಗ್ತದೆ. ಕೊಳಕ್ಕೂ ಸರಿ, ಬಚ್ಚಲಿಗೂ ಸರಿ.”

ಬಚ್ಚಲಿನ ಮಾತು ಉತ್ಪ್ರೇಕ್ಷೆ ಅಂತ ನಿಮಗೆ ಅನ್ನಿಸಬಹುದು. ಹೋದ ವರ್ಷ ಒಂದು ಹೋರಿಗರು ಹೆದ್ದಾರಿಯ ಹೋಟೆಲಿನ ಬಚ್ಚಲಿಗೆ ನುಗ್ಗಿತ್ತು. ಸಾಕ್ಷಿ ಇದೆ.

ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಒಳಗಿಂದ ವಾಕಿಟಾಕಿ ಕಿರುಚಿತು. ತಮಿಳಿನಲ್ಲಿ, ಇಸ್ತ್ರಿಯೆಲ್ಲ ಹರಿದುಹೋದ ದನಿಯಲ್ಲಿ: “ಪಾಂಬು! ನಾಲ್ಪದು ಪಾಂಬು ವರುದು! ಎರಡೂ ಗೇಟು ತೆಗೀರಿ! ಅತಿಥಿಗಳನ್ನೆಲ್ಲ ಡೈನಿಂಗ್ ಹಾಲ್ ಮಹಡಿಗೆ ಹತ್ತಿಸಿ! ಯಾರೂ ಹೊಡೀಬೇಡಿ, ಸಾಮಿ ಪಾಂಬು!”

ನಲವತ್ತು ಹಾವು! ನಾನು ತಟ್ಟಿಗೆ ಒರಗಿ ಸೆರಗು ಕಚ್ಚಿಕೊಂಡೆ.

ಐದು ನಿಮಿಷದಲ್ಲಿ ಶಿಲಾಮೌನಂ ಚೆಲ್ಲಾಪಿಲ್ಲಿ. ಬಾತ್‌ರೋಬ್ ತೊಟ್ಟ ದೊಡ್ಡ ಮನುಷ್ಯರು ಮಹಡಿಯ ಕಟಕಟೆಗೆ ಒತ್ತಿಕೊಂಡು ನಿಂತರು. ಸೆಕ್ಯುರಿಟಿಯವರು ಗೇಟಿನ ಸರಪಳಿ ಎಳೆದರು. ಬೆನ್ನ ಹಿಂದಿನ ಗೇಟು ತೆರೆದುಕೊಂಡಾಗ ಅತ್ತೆ ಬಿದ್ದೇಬಿಡುತ್ತಿದ್ದಳು. ಎದ್ದು ನಿಂತು ನಂಬಲಾರದೆ ನೋಡಿದಳು: ಹಾಸುಹುಲ್ಲಿನ ನಡುವೆ ನೇರ ದಾರಿ, ಆಚೆ ಕೊನೆಯಲ್ಲಿ ಇನ್ನೊಂದು ಗೇಟೂ ತೆರೆದು, ಅದರೊಳಗೆ ಚೌಕಟ್ಟು ಹಾಕಿದ ಹಾಗೆ ಕಲ್ಲುಗುಡಿ.

ಮನೋಜ್‌ಕುಮಾರ್ ಅತಿಥಿಗಳನ್ನು ಸಾಗಿಸುವ ಬ್ಯಾಟರಿ ಗಾಡಿಯ ಸೀಟಿನ ಮೇಲೆ ಹತ್ತಿ ನಿಂತಿದ್ದ. ಕೈಯಲ್ಲಿ ಯಾತಕ್ಕೋ ಒಂದು ದಿಂಬು.

ಆವು ಬಂತು. ಬೆಳ್ಳಗೆ, ನಿಧಾನವಾಗಿ, ಕೊಂಬಿಗೆ ಅರಿಶಿನ, ಕೊರಳಿಗೆ ಸೇವಂತಿಗೆ. ಅದರ ಹಿಂದೆ ಗೊರಸಿನ ಸದ್ದಿನ ನದಿ. ಮಂದೆಯ ಕೊನೆಯಲ್ಲಿ ನಿಜವಾದ ತಂಗರಾಜ್ ಚಿಕ್ಕಪ್ಪ, ಬಾಯಿ ತೆರೆದುಕೊಂಡು. ಮಹಡಿಯ ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇದೂ ಪ್ಯಾಕೇಜಿನಲ್ಲಿ ಇದೆ ಅಂದುಕೊಂಡಿರಬೇಕು.

ದಾರಿ ಕೊಳದ ಅಂಚಿನಲ್ಲೇ ಹೋಗುತ್ತದೆ. ಅಲ್ಲಿ ಆವು ನಿಂತಿತು. ನೀಲಿ ನೀರಿನ ಕಡೆ ತಲೆ ತಗ್ಗಿಸಿತು. ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಳಗಿನ ಮೊದಲ ನೀರು! ಇಲ್ಲಿ ಒಂದು ಗುಟುಕು ಕುಡಿದರೆ ಪಟ್ಟ ಇಲ್ಲೇ ಬಿತ್ತು, ಮಂದೆ ಲಾರಿ ಹತ್ತಿತು, ನಾನು ಮಾಡಿದ ಮಂಗಾಟವೇ ಕಾರಣವಾಯಿತು. ಅದನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಅತ್ತೆ ಅರಿಶಿನದ ಬಟ್ಟಲನ್ನು ಎದೆಗೆ ಒತ್ತಿ ಹಿಡಿದಳು. ತುಟಿ ಅಲ್ಲಾಡುತ್ತಿತ್ತು. ಹಾಡೋ, ಬೈಗುಳವೋ, ನನಗೆ ಕೇಳಿಸಲಿಲ್ಲ.

ಆವು ಕ್ಲೋರಿನ್ ಮೂಸಿತು. ದೊಡ್ಡದಾಗಿ ಸೀನಿತು. ಬಾಲವೆತ್ತಿ, ತೇಗದ ಹಲಗೆಯ ಮೇಲೆ ತನ್ನ ಅಭಿಪ್ರಾಯವನ್ನು ಧಾರಾಳವಾಗಿ ಹಾಕಿ, ಮುಂದೆ ನಡೆಯಿತು.

ತೊಟ್ಟಿಯ ಬಳಿ ಅದು ಕುಡಿಯುವುದನ್ನು ನಾವು ನಿಂತು ನೋಡಿದೆವು. ಗಂಟಲಿನ ಚರ್ಮದ ಕೆಳಗೆ ಗುಟುಕು ಗುಟುಕಾಗಿ ನೀರು ಇಳಿಯುವುದು ಕಾಣುತ್ತಿತ್ತು. ಅತ್ತೆ ಅದರ ಹಣೆಗೆ ಅರಿಶಿನ ಹಚ್ಚಿ, ಹೋದ ವರ್ಷ ರಸ್ತೆಯ ಮಧ್ಯೆ ಬಾರದ ಅಳುವನ್ನು ಅದರ ಕೊರಳಿಗೆ ಮುಖ ಒತ್ತಿ ಅತ್ತಳು. ಮಂದೆ ಎರಡೂ ಕಡೆಯಿಂದ ತೊಟ್ಟಿಗೆ ಬಾಯಿಟ್ಟಿತು.

ಹಿಂದಿನಿಂದ ಎಚ್ಚರಿಕೆಯ ಹೆಜ್ಜೆ. ಮನೋಜ್‌ಕುಮಾರ್, ದಿಂಬಿನ ಸಮೇತ. ನೆಲವನ್ನೇ ನೋಡುತ್ತಾ ಬಂದವನು ತಲೆಯೆತ್ತಿ, ಮೊದಲ ಸಲ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕುತ್ತಾ ಕೇಳಿದ:

“ಅತ್ತೆ... ಆವು... ಆವು ಎಲ್ಲಿ?”

ಅತ್ತೆ ಕಣ್ಣೊರೆಸಿಕೊಂಡು ತಿರುಗಿದಳು. ಅವನ ಬಾಯಲ್ಲಿ ಕನ್ನಡ ಕೇಳಿದ ಬೆರಗು, ನಿನ್ನೆಯ ಬೈಗುಳಗಳೆಲ್ಲ ನೆನಪಾದ ಸಂಕೋಚ, ಎರಡೂ ಅವಳ ಮುಖದ ಮೇಲೆ ಓಡಿ ಹೋದವು. ಆದರೆ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ.

“ಕಣ್ ಕಾಣಾಕಿಲ್ವೇನೋ ತಂಬಿ? ಇಷ್ಟ್ ದೊಡ್ಡ ಆವು ಮುಂದೇನೇ ಅದೆ!” ಅಂತ ಹಸುವಿನ ಬೆನ್ನು ತಟ್ಟಿದಳು.

ಆತ ಹಸುವನ್ನು ನೋಡಿದ. ತೊಟ್ಟಿಯ ಸುತ್ತಲಿನ ಮೂವತ್ತೊಂಬತ್ತನ್ನು ನೋಡಿದ. ಚಿಕ್ಕವೂ ಸೇರಿ. ಚಿಕ್ಕಪ್ಪನನ್ನು ನೋಡಿದ. ಚಿಕ್ಕಪ್ಪ ನಿಜವಾದ ಮುಗ್ಧತೆಯಿಂದ ತಲೆ ಕೆರೆದುಕೊಂಡ. ಕೊನೆಗೆ ನನ್ನನ್ನು ನೋಡಿದ. ಆ ನೋಟದಲ್ಲಿ ಇಸ್ತ್ರಿ ಇರಲಿಲ್ಲ. ದವಡೆ ಬಿಗಿದಿತ್ತು.

“ನೀವು ಬೇಕಂತಲೇ...” ಅಂದ ತಮಿಳಿನಲ್ಲಿ. “ನನ್ನ ಕೆಲಸ ಹೋಗುತ್ತೆ ಮ್ಯಾಡಮ್, ಗೊತ್ತಾ?”

“ನಾನು ಒಂದು ಸುಳ್ಳೂ ಹೇಳಿಲ್ಲ ಸಾರ್. ನಿಮಗೆ ಎಲ್ಲಾ ಅರ್ಥ ಆಗ್ತಿತ್ತಲ್ಲ. ಯಾಕೆ ಮುಚ್ಚಿಟ್ರಿ?”

“ಅರ್ಥ ಆಗತ್ತೆ, ಮಾತು ಬರಲ್ಲ. ಬಾಯಿ ತೆಗೆದ್ರೆ ನಗ್ತಾರೆ ಅಂತ...” ಅಂದವನು ನಿಲ್ಲಿಸಿ, ಹಸುವನ್ನೇ ದಿಟ್ಟಿಸುತ್ತಾ ನಿಂತ. ಆಮೇಲೆ ಅತ್ತೆಯನ್ನು ಕೇಳಿದ, ಹರಕುಮುರುಕು ಕನ್ನಡದಲ್ಲಿ: “ಇದ್ಕೆ... ಆವು ಅಂತಾರಾ? ಇಲ್ಲಿ? ಎಲ್ಲಾರೂ?”

“ಈ ಕಣಿವೇಲೆಲ್ಲಾ ಅಂಗೇ. ಯಾಕಪ್ಪಾ?”

“ನಮ್ ಅಜ್ಜಿ, ಪಾಪಮ್ಮಾಳ್. ಮಾರ್ಕಯನ್‌ಕೋಟ್ಟೈ, ಇದೇ ಕಣಿವೇನೋರು. ದಿಂಡಿಗಲ್‌ಗೆ ಕೊಟ್ಟಿದ್ರು. ಚಿಕ್ಕೋನಿದ್ದಾಗ ನಾನು ಉಣ್ಲಿಲ್ಲಾ ಅಂದ್ರೆ... ‘ಉಣ್ಣು, ಇಲ್ಲಂದ್ರ ಆವುಗ್ ಆಕ್ಬುಡ್ತೀನಿ’ ಅನ್ನೋರು.” ಅವನು ದಿಂಬನ್ನು ಎದೆಗೆ ಅಪ್ಪಿಕೊಂಡ. “ನಾನು ದಿಂಡಿಗಲ್ ಕನ್ನಡ ಇಡ್ಕೊಂಡು... ದಿನಾ, ಮೂರ್ ಒತ್ತೂ... ನನ್ನ ಪಾಂಬಿಗೆ ಆಕ್ತಾರೆ ಅಂತ ಗಬಗಬ ತಿಂದು ತಿಂದು...”

“ಲೇ ಪೆದ್ದೇ!” ಅತ್ತೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. “ಅನ್ನವ ಕಣೋ ಅಸುಗೆ ಆಕ್ತೀನಿ ಅಂದಿದ್ದು! ನಿನ್ನಲ್ಲ!”

ಮೊದಲು ಚಿಕ್ಕಪ್ಪ ಜಲ್ಲಿ ಸುರಿದಂತೆ ನಕ್ಕ. ನಾನು ತೊಟ್ಟಿಯ ಅಂಚು ಹಿಡಿದುಕೊಂಡು ನಕ್ಕೆ. ಅತ್ತೆ, ಕಣ್ಣೀರು ಇನ್ನೂ ಆರದ ಅತ್ತೆ, ಕೂತೇ ಬಿಟ್ಟಳು. ಆದರೆ ಮನೋಜ್‌ಕುಮಾರ್ ನಕ್ಕದ್ದು ನಾವು ಮೂವರೂ ಸೇರಿ ನಕ್ಕದ್ದಕ್ಕಿಂತ ಜೋರಾಗಿತ್ತು. ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಬಗ್ಗಿ, “ಅಜ್ಜೀ... ಅಯ್ಯೋ ಅಜ್ಜೀ...” ಅಂತ ಉಸಿರು ಸಿಕ್ಕದೆ, ಮಹಡಿಯಲ್ಲಿದ್ದವರೆಲ್ಲ ಕಟಕಟೆಯಿಂದ ಬಗ್ಗಿ ನೋಡುವಂತೆ ನಕ್ಕ. ನೀರು ಕುಡಿಯುತ್ತಿದ್ದ ಮಂದೆಯೆಲ್ಲ ಒಟ್ಟಿಗೆ ತಲೆಯೆತ್ತಿ ಅವನ ಕಡೆ ನೋಡಿತು.